ಲಾಗಾಫ್ ಅಕ್ಕ

ನಮ್ಮ ಕೋಣೆಯ ಮಾತನ್ನು ಯಾರಾದರೂ ಬಾಗಿಲ ಹಿಂದೆ ನಿಂತು ಕೇಳಿದರೆ ನೇರವಾಗಿ ಪೊಲೀಸ್ ಠಾಣೆಗೆ ಓಡಿಯಾರು. "ಅದು ಸತ್ತಿದೆ." "ಇವನನ್ನ ಕಡಿದು ಹಾಕು." "ಒಬ್ಬೊಬ್ಬರನ್ನೇ ಕೊಲ್ತಾ ಕೂತ್ರೆ ಆಗಲ್ಲ, ಎಲ್ಲರನ್ನೂ ಒಟ್ಟಿಗೆ ಮುಗಿಸು." ದಿನವಿಡೀ ಇದೇ. ಸತ್ತಿರುವುದು ಸರ್ವರ್, ಕಡಿಯಬೇಕಾದದ್ದು ಯಾರೋ ಗುಮಾಸ್ತನ ಸೆಷನ್. ಲಾಗಾಫ್ ಅಕ್ಕನೂ ನಾನೂ ಒಂದು ಸರಕು ಸಾಗಣೆ ಕಂಪನಿಯ ಮೇಲಂತಸ್ತಿನಲ್ಲಿ ಎದುರುಬದುರು ಕೂತು ವರ್ಷಗಟ್ಟಲೆ ಹೀಗೆ ಕೊಂದಿದ್ದೇವೆ, ನಡುನಡುವೆ ಚಹಾ ಕುಡಿದಿದ್ದೇವೆ. ಆ ಪದಗಳನ್ನು ನಾನೀಗ ಆಡುವುದಿಲ್ಲ. ಯಾಕೆಂದು ಹೇಳುತ್ತೇನೆ.

ಮೊದಲು ನಮ್ಮ ವ್ಯವಸ್ಥೆ ಗೊತ್ತಿರಬೇಕು. ಕಂಪನಿಯ ಯಾವ ಮೇಜಿನ ಮೇಲೂ ನಿಜವಾದ ಕಂಪ್ಯೂಟರ್ ಇಲ್ಲ. ಒಂದು ಪರದೆ, ಒಂದು ಕೀಲಿಮಣೆ, ಅಂಗೈಯಗಲದ ಒಂದು ಡಬ್ಬಿ, ಅಷ್ಟೇ. ಅವರು ಬಳಸುವ ಕಂಪ್ಯೂಟರುಗಳೆಲ್ಲ ನಮ್ಮ ಪಕ್ಕದ ಕೋಣೆಯ ಸರ್ವರುಗಳೊಳಗೆ ಓಡುತ್ತಿರುತ್ತವೆ. ಕೆಳಗೆ ಕಾಣುವುದು ಅದರ ಚಿತ್ರ ಮಾತ್ರ. ಯಾರಾದರೂ ಒಳಗೆ ಬಂದರೆ ಅವರ ಹೆಸರಲ್ಲಿ ಒಂದು ಸೆಷನ್ ತೆರೆಯುತ್ತದೆ. ಸಂಜೆ ಹೋಗುವಾಗ ಲಾಗಾಫ್ ಆದರೆ ಅದು ಮುಗಿಯುತ್ತದೆ. ಆದರೆ ನಮ್ಮ ಜನ ಲಾಗಾಫ್ ಆಗುವುದಿಲ್ಲ. ಮೂಲೆಯ ಇಂಟು ಗುರುತು ಒತ್ತಿ ಎದ್ದು ಹೋಗುತ್ತಾರೆ. ಪರದೆ ಕಪ್ಪಾಗುತ್ತದೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಒಳಗೆ ಆ ಸೆಷನ್ ಹಾಗೇ ಕೂತಿರುತ್ತದೆ, ತೆರೆದ ಕಡತಗಳನ್ನು ತಬ್ಬಿಕೊಂಡು. ಮರುದಿನ ಇನ್ನೊಬ್ಬರು ಅದೇ ಕಡತ ತೆರೆಯಹೋದರೆ "ಬೇರೆಯವರು ಬಳಸುತ್ತಿದ್ದಾರೆ" ಎಂಬ ಉತ್ತರ. ಆಗ ನಮಗೆ ಬೈಗುಳ.

ಅಕ್ಕ ಇದನ್ನು ಹೊಸಬರಿಗೆಲ್ಲ ಒಂದೇ ಮಾತಿನಲ್ಲಿ ಕಲಿಸುತ್ತಿದ್ದರು. "ಬಾಗಿಲು ಎಳ್ಕೊಂಡು ಬೀದಿಗೆ ಬಂದ್ಬಿಟ್ರೆ ಒಳಗಿನ ಒಲೆ ಆರುತ್ತಾ?" ಫೋನಿನಲ್ಲಿ ಯಾರು ಏನು ದೂರು ಹೇಳಲಿ, ಅವರ ಮೊದಲ ಪ್ರಶ್ನೆ, "ಲಾಗಾಫ್ ಆಗಿದ್ರಾ, ಇಂಟು ಒತ್ತಿದ್ರಾ?" ಹಾಗಾಗಿ ಆ ಹೆಸರು ಬಿತ್ತು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಅಕ್ಕ ಐವತ್ತರ ಹತ್ತಿರದವರು. ಕುಳ್ಳು, ಗಟ್ಟಿ ದನಿ, ಎಡ ಹುಬ್ಬನ್ನು ಸೀಳಿಕೊಂಡು ಹೋದ ಒಂದು ಗಾಯದ ಗುರುತು. ಅದು ಗಂಡ ಎಸೆದ ಇಸ್ತ್ರಿಪೆಟ್ಟಿಗೆಯದು. ಮದುವೆಯಾದ ಹೊಸದರಿಂದಲೂ ಆತ ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೂ ಹೊಡೆತ, ಕಡಿಮೆಯಾದರೂ ಹೊಡೆತ. ಇಸ್ತ್ರಿಪೆಟ್ಟಿಗೆಯ ದಿನ ಮಾತ್ರ ಆತನಿಗೆ ಕೊಲ್ಲುವ ಮನಸ್ಸಿತ್ತು. ಅಕ್ಕ ನೆಲಕ್ಕೆ ಬಿದ್ದ ಮೇಲೆ ಬಾಗಿಲಿನ ಅಗುಳಿ ಕಿತ್ತುಕೊಂಡು ತಲೆಗೆ ಬೀಸಿದ. ಆ ಏಟು ಅಕ್ಕನಿಗೆ ಬೀಳಲಿಲ್ಲ. ನಡುವೆ ಬಂದ ಮೈದುನನ ಮುಂಗೈಗೆ ಬಿತ್ತು, ಮೂಳೆ ಎರಡಾಯಿತು. ಆ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಅತ್ತಿಗೆಯ ಚೀಲ ಹಿಡಿದು, ಅವನೇ ಅವರನ್ನು ಬಸ್ಸು ಹತ್ತಿಸಿ ತಾನೂ ಹತ್ತಿದ. "ಗಂಡನ್ನ ಬಿಟ್ಟೆ, ಮೈದುನನ್ನ ಬಿಟ್ಟಿಲ್ಲ" ಎಂದು ಅಕ್ಕ ನಗುತ್ತಿದ್ದರು. ಜನ ಬಾಯಿಗೆ ಬಂದದ್ದು ಆಡಿಕೊಂಡರು. ಆಡುವವರ ಬಾಯಿಗೆ ಬೀಗವಿಲ್ಲ. ಅಕ್ಕ ಅವನನ್ನು ಚಿಕ್ಕ ಎಂದು ಕರೆಯುತ್ತಿದ್ದರು. ಮಗನಿಗಿಂತ ಹೆಚ್ಚಾಗಿ ನೋಡಿಕೊಂಡರು.

ಆ ಮದುವೆಯೇ ಅವರನ್ನು ಒಳ್ಳೆಯ ಅಡ್ಮಿನ್ ಮಾಡಿತೋ ಏನೋ ಎಂದು ನನಗೆ ಅನ್ನಿಸುತ್ತದೆ. ಕೋಪದಲ್ಲಿ ಕೈ ಎತ್ತುವುದನ್ನು ಅವರು ಮನುಷ್ಯರಲ್ಲಿ ಮಾತ್ರವಲ್ಲ, ಯಂತ್ರದ ಮೇಲೂ ಸಹಿಸುತ್ತಿರಲಿಲ್ಲ. ಏನಾದರೂ ಕೆಟ್ಟರೆ ರೀಸ್ಟಾರ್ಟ್ ಮಾಡಿಬಿಡೋಣ ಎನ್ನುವುದು ನಮ್ಮ ಕಸುಬಿನ ಚಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಅಕ್ಕ ಹಾಗಲ್ಲ. ಕೆಟ್ಟಿರುವುದು ಒಬ್ಬರಿಗೋ ಎಲ್ಲರಿಗೋ? ಒಬ್ಬರಿಗಾದರೆ ಅವರ ಕಡತ, ಸೆಟ್ಟಿಂಗುಗಳೆಲ್ಲ ಇರುವ ಪ್ರೊಫೈಲ್ ನೋಡು, ಎಲ್ಲರಿಗಾದರೆ ಸರ್ವರಿನ ಡಿಸ್ಕ್ ತುಂಬಿದೆಯೋ ನೋಡು. ನಿನ್ನೆ ಸರಿಯಿತ್ತು ಎನ್ನುತ್ತಾರೆ, ಹಾಗಾದರೆ ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು? ಸರ್ವರ್ ತಾನೇ ಬರೆದಿಟ್ಟ ಲಾಗ್ ಓದದೆ ರೀಸ್ಟಾರ್ಟ್ ಒತ್ತಬೇಡ, ಸಾಕ್ಷಿ ಹೇಳುವವನ ಬಾಯಿ ನೀನೇ ಮುಚ್ಚಿದ ಹಾಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಎರಡು ಮಾಡಿದರೆ ಯಾವುದರಿಂದ ಸರಿಹೋಯಿತೆಂದು ದೇವರಿಗೂ ತಿಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ, ಕೇಳದೆ ಕಡಿಯಬಾರದು. ಯಾರದೇ ಸೆಷನ್ ಸಿಕ್ಕಿಕೊಂಡಿರಲಿ, ಅದನ್ನು ಮುಗಿಸುವ ಮೊದಲು ಅಕ್ಕ ಅದರ ಯಜಮಾನನಿಗೆ ಫೋನ್ ಮಾಡಬೇಕು. ಎತ್ತದಿದ್ದರೆ ಕಾಯಬೇಕು. ಅದರೊಳಗೆ ಅವನು ಉಳಿಸದ ಕೆಲಸ ಇದ್ದೀತು, ಕಡಿದರೆ ಹೋಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಈ ಮಾತು ಹೇಳುವಾಗ ಅವರ ಬೆರಳು ತಾನಾಗಿ ಹುಬ್ಬಿನ ಮೇಲೆ ಹೋಗುತ್ತಿತ್ತು. ಈ ನಿಯಮದ ಮೇಲೆ ನಾನು ಎಷ್ಟೋ ಸಲ ರೇಗಿದ್ದೇನೆ. ನನ್ನದು ಮೂಗಿನ ತುದಿಯ ಕೋಪ.

ಚಿಕ್ಕನಿಗೆ ಕಂಪನಿಯ ಶೀತಲ ಕೋಣೆಯಲ್ಲಿ ಕೆಲಸ ಕೊಡಿಸಿದ್ದೂ ಅಕ್ಕನೇ. ಮಾಂಸ, ಮೀನು, ಔಷಧಿ, ಕೆಡಬಾರದ್ದೆಲ್ಲ ಲಾರಿ ಹತ್ತುವ ಮೊದಲು ಅವನ ಕೈ ದಾಟಬೇಕು. ಕೀಲಿಮಣೆ ಮುಟ್ಟಿದವನೇ ಅಲ್ಲ. ಅಕ್ಕ ಪಕ್ಕದಲ್ಲಿ ಕೂತು ಕಲಿಸಿದರು. ಕಲಿತದ್ದನ್ನು ಅವನು ದೇವರ ಪೂಜೆಯ ಹಾಗೆ ಪಾಲಿಸಿದ. ಚಹಾಕ್ಕೆ ಎದ್ದರೂ ಲಾಗಾಫ್. ಸಂಜೆ ಮೇಜು ಬಿಡುವಾಗ ನಮ್ಮ ಕೋಣೆಗೆ ಫೋನ್ ಬರುತ್ತಿತ್ತು, "ಅತ್ತಿಗೆ, ಲಾಗಾಫ್ ಆದೆ." ಅಷ್ಟೇ ಮಾತು. ನಾನು ಎತ್ತಿದರೂ ಅದನ್ನೇ ಹೇಳುತ್ತಿದ್ದ. "ಅಯ್ಯಾ, ನಾನು ನಿಮ್ಮ ಅತ್ತಿಗೆ ಅಲ್ಲ" ಎಂದರೆ, "ಅವರಿಗೆ ಹೇಳಿಬಿಡಿ ಅಣ್ಣ" ಎಂದು ಇಡುತ್ತಿದ್ದ.

ಇನ್ನು ಗುದ್ದಪ್ಪ. ಲಾರಿಗಳನ್ನು ಹೊರಡಿಸುವ ವಿಭಾಗದ ಮುಖ್ಯಸ್ಥ. ಪರದೆ ನಿಂತರೆ ಪರದೆಗೆ ಗುದ್ದುತ್ತಿದ್ದ, ಚಾಲಕ ತಡವಾದರೆ ಲಾರಿಯ ಬಾಗಿಲಿಗೆ ಗುದ್ದುತ್ತಿದ್ದ, ಹಾಗಾಗಿ ಗುದ್ದಪ್ಪ. ಗೆಣ್ಣುಗಳ ಮೇಲೆ ಸದಾ ಒಣಗಿದ ರಕ್ತ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ತಪ್ಪೆಲ್ಲ ನಮ್ಮ ಸರ್ವರಿನದು. ಒಮ್ಮೆ ಎದುರು ಮಾತಾಡಿದ ಚಾಲಕನೊಬ್ಬನ ಕೆನ್ನೆಗೆ ಬಾರಿಸಿ ಕಿವಿಯ ತಮಟೆ ಹರಿದ. ಆ ಚಾಲಕನನ್ನು ಬೇರೆ ಶಾಖೆಗೆ ಹಾಕಿದರು. ಗುದ್ದಪ್ಪನನ್ನು ಕರೆದು ಸ್ವಲ್ಪ ತಾಳ್ಮೆ ಇರಲಿ ಎಂದರು. ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವಲ್ಲ, ಅದಕ್ಕೆ ಅವನ ಕೈ ಯಾರಿಗೂ ಕಾಣುತ್ತಿರಲಿಲ್ಲ. ಹಾದಿಗೊಂದು ಹುಚ್ಚುನಾಯಿ ಕಟ್ಟಿ, ಕಚ್ಚಿಸಿಕೊಂಡವನಿಗೆ ಬುದ್ಧಿ ಹೇಳುವ ಜಾತಿ ನಮ್ಮ ಮೇಲಿನವರದು.

ಆ ದಿನ ಬೆಳಗ್ಗೆ ಅವನು ನಮ್ಮ ಬಾಗಿಲನ್ನು ಒದ್ದೇ ಒಳಗೆ ಬಂದ. ಅದು ಹೊಸದಲ್ಲ. ಅಕ್ಕ ಲೆಕ್ಕಪತ್ರ ವಿಭಾಗದ ಹುಡುಗಿಯೊಬ್ಬಳಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದರು. ಅವಳ ಡೆಸ್ಕ್‌ಟಾಪ್ ಖಾಲಿಯಾಗಿ ತೆರೆದಿತ್ತು, ಇಟ್ಟದ್ದೆಲ್ಲ ಮಾಯ. ಹಳೆಯ ಪ್ರೊಫೈಲ್ ಎಲ್ಲಿಗೂ ಹೋಗಿಲ್ಲ, ಸರ್ವರ್ ಅದನ್ನು ತೆರೆಯಲಾಗದೆ ತಾತ್ಕಾಲಿಕವಾದದ್ದೊಂದು ಕೊಟ್ಟಿದೆ, ಇದರಲ್ಲಿ ಏನನ್ನೂ ಉಳಿಸಬೇಡ, ಹೊರಗೆ ಹೋಗು, ನಾನು ಸರಿಮಾಡಿದ ಮೇಲೆ ಬಾ ಎನ್ನುತ್ತಿದ್ದರು. ಗುದ್ದಪ್ಪ ಫೋನನ್ನು ಅವರ ಕೈಯಿಂದ ಕಿತ್ತು ಕೆಳಗಿಟ್ಟ. ಬೆವರಿದ್ದ. ಗೆಣ್ಣುಗಳ ಮೇಲಿನ ರಕ್ತ ಹಸಿಯಾಗಿತ್ತು. ಇವತ್ತು ಯಾವ ಪರದೆ ಹೋಯಿತೋ ಎಂದುಕೊಂಡೆ.

ಅವನ ಬೇಡಿಕೆ ಸರಳವಾಗಿತ್ತು. ಶೀತಲ ಕೋಣೆಯಲ್ಲಿ ಒಂದು ಲಾರಿಯಷ್ಟು ಕೋಳಿಮಾಂಸ ನಿಂತಿದೆ. ಅದರ ದಾಖಲೆಯ ಮೇಲೆ ತಡೆ ಹಾಕಿದವನು ಚಿಕ್ಕ. ತಾನು ಮುಖ್ಯಸ್ಥನಾಗಿ ಆ ತಡೆ ತೆಗೆಯಹೋದರೆ ಬೇರೆಯವರು ಬಳಸುತ್ತಿದ್ದಾರೆ ಎಂದು ಬರುತ್ತಿದೆ. ಜ್ವರ ಎಂದು ಚಿಕ್ಕ ಮನೆಗೆ ಹೋದ. ಅವನ ಸೆಷನ್ ಕಡಿದರೆ ದಾಖಲೆ ಬಿಡುಗಡೆಯಾಗುತ್ತದೆ, ಲಾರಿ ಹೊರಡುತ್ತದೆ.

ಅಕ್ಕ ಪರದೆ ನೋಡಿದರು. ಚಿಕ್ಕನ ಹೆಸರಿನ ಎದುರು, ಸಂಪರ್ಕ ಕಡಿದಿದೆ, ಸೆಷನ್ ಉಳಿದಿದೆ ಎಂದಿತ್ತು. ಇನ್ನೊಬ್ಬರಾಗಿದ್ದರೆ ಅದರಲ್ಲಿ ನೋಡುವಂಥದ್ದೇನೂ ಇಲ್ಲ. ಅರ್ಧ ಕಂಪನಿ ದಿನವೂ ಹಾಗೇ ಬಿಟ್ಟು ಹೋಗುತ್ತದೆ. ಅಕ್ಕ ನಿಯಮದಂತೆ ಚಿಕ್ಕನ ಮೊಬೈಲಿಗೆ ಫೋನ್ ಮಾಡಿದರು. ಬಡಿದುಕೊಂಡಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಗುದ್ದಪ್ಪ ಮೇಜಿನ ಅಂಚು ಹಿಡಿದು ನಿಂತಿದ್ದ.

"ಅವನೇ ಮುಚ್ಚಿ ಹೋದ್ನಾ?" ಅಕ್ಕ ಕೇಳಿದರು.

"ಹೂಂ ಕಣ್ರೀ, ನನ್ನ ಎದುರಿಗೇ. ಇಂಟು ಒತ್ತಿ ಎದ್ದು ಹೋದ."

ಅಕ್ಕ ಫೋನನ್ನು ಮೆಲ್ಲಗೆ ಇಟ್ಟರು. ಎದ್ದು ನಿಂತರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ, ಹುಬ್ಬಿನ ಗಾಯವೊಂದೇ ಕೆಂಪಾಗಿ ಕಾಣುತ್ತಿತ್ತು.

"ನಮ್ಮ ಚಿಕ್ಕ ಇಂಟು ಒತ್ತೋನಲ್ಲ. ಎಲ್ಲಿದಾನೆ ಅವನು?"

ಹೇಳಿದೆನಲ್ಲ, ಜ್ವರ ಎಂದ ಗುದ್ದಪ್ಪ. ಎಲ್ಲಿದಾನೆ ಎಂದರು ಅಕ್ಕ, ಅದೇ ದನಿಯಲ್ಲಿ. ಮೂರನೆಯ ಸಲ ಅವರು ಕೇಳುವ ಮೊದಲೇ ಅವನ ಮುಷ್ಟಿ ಪರದೆಗೆ ಬಿತ್ತು. ಗಾಜಿನ ಚೂರು ನನ್ನ ಮಡಿಲಿಗೆ ಬಂತು. ಅವನು ಅಕ್ಕನ ಜಡೆ ಹಿಡಿದು ಕೀಲಿಮಣೆಯ ಮೇಲೆ ಮುಖ ಒತ್ತಿ, "ಕಡಿಯೇ, ಮೊದ್ಲು ಅದನ್ನ ಕಡಿ" ಎಂದ. ನಾನು ಹಿಂದಿನಿಂದ ಅವನ ಕುತ್ತಿಗೆಗೆ ತೋಳು ಹಾಕಿದೆ. ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ಒಂದು ಹಲ್ಲು ನಾಲಿಗೆಯ ಮೇಲೆ ಬಂದು ಬಿತ್ತು, ನಾನು ಗೋಡೆಗೆ ಹೋಗಿ ಬಿದ್ದೆ. ಹಳೆಯ ಸರ್ವರಿನಿಂದ ಬಿಚ್ಚಿಟ್ಟಿದ್ದ ಕಬ್ಬಿಣದ ಪಟ್ಟಿಯೊಂದು ಮೇಜಿನ ಬದಿಗೆ ಒರಗಿತ್ತು. ಅಕ್ಕನ ಕೈ ತಡಕಾಡಿ ಅದನ್ನು ಹಿಡಿಯಿತು. ಜಡೆ ಹಿಡಿದಿದ್ದ ಕೈಯ ಮಣಿಕಟ್ಟಿಗೆ ಬೀಸಿದರು. ಒಣಕಟ್ಟಿಗೆ ಮುರಿದ ಸದ್ದು. ಅವನು ಕೈ ಬಿಟ್ಟ. ಅಕ್ಕ ಮತ್ತೆ ಎತ್ತಿದರು, ಮೊಣಕಾಲಿಗೆ ಹೊಡೆದರು. ಅವನು ಕುಸಿದ. ಪಟ್ಟಿ ಇನ್ನೊಮ್ಮೆ ಮೇಲೆ ಹೋಯಿತು, ಈ ಸಲ ತಲೆಯ ನೇರಕ್ಕೆ.

ಅಲ್ಲಿ ನಿಂತಿತು. ಅಕ್ಕ ತಮ್ಮ ಕೈಯನ್ನೇ ನೋಡಿದರು, ಬೇರೆ ಯಾರದೋ ಕೈ ಎಂಬಂತೆ. ಪಟ್ಟಿ ಇಳಿಸಿದರು.

"ಎಲ್ಲಿ?"

"ಕೋಲ್ಡ್ ರೂಮು" ಎಂದ ಗುದ್ದಪ್ಪ, ನೆಲದಿಂದ. ಅಳುತ್ತಿದ್ದ. ಗೂಳಿಯಂಥವನು ಅಳುವುದನ್ನು ನೋಡಿ ನನಗೆ ಅಯ್ಯೋ ಎನ್ನಿಸಲಿಲ್ಲ. ಇನ್ನೆರಡು ಬೀಳಲಿ ಎನ್ನಿಸಿತು.

ಅಕ್ಕ ಮೆಟ್ಟಿಲನ್ನು ಇಳಿದರೋ ಬಿದ್ದರೋ ಗೊತ್ತಿಲ್ಲ. ನಾನು ರಕ್ತ ಉಗುಳುತ್ತ ಹಿಂದೆ ಓಡಿದೆ. ಶೀತಲ ಕೋಣೆಯ ಹೊರಗೆ ಚಿಕ್ಕನ ಮೇಜು ಅಚ್ಚುಕಟ್ಟಾಗಿತ್ತು, ಪರದೆ ಕಪ್ಪು. ನೆಲದಲ್ಲಿ ಕೈಗಾಡಿಯ ಕಬ್ಬಿಣದ ಹಿಡಿ ಬಿದ್ದಿತ್ತು, ಅದರ ತುದಿಗೆ ಕೂದಲು ಅಂಟಿತ್ತು. ಮೇಜಿನಿಂದ ಬಾಗಿಲಿನವರೆಗೆ ಎಳೆದ ಗುರುತು. ದಪ್ಪ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಲಾರಿ ಚಾಲಕರು ಅಲ್ಲೇ ಹತ್ತು ಹೆಜ್ಜೆ ಆಚೆ ನಿಂತು ಹರಟುತ್ತಿದ್ದರು, ಕಿರುಚಿದ್ದು ಕೇಳಿತ್ತಂತೆ. ಗುದ್ದಪ್ಪನ ವಿಭಾಗದಲ್ಲಿ ಕಿರುಚುವುದು ಯಾರಿಗೂ ಸುದ್ದಿಯಲ್ಲ.

ಚಿಕ್ಕ ಬಾಗಿಲ ಹಿಂದೆಯೇ ಬಿದ್ದಿದ್ದ. ಒಳಗಿನಿಂದ ತೆರೆಯುವ ಹಿಡಿಕೆಯವರೆಗೆ ಒಂದು ಕೈ ಚಾಚಿದ್ದ, ಮುಟ್ಟಿರಲಿಲ್ಲ. ತಲೆಯ ಹಿಂಭಾಗ ಬಿರಿದಿತ್ತು. ರಕ್ತ ಹೆಪ್ಪುಗಟ್ಟಿ ಕಿವಿಯನ್ನು ನೆಲಕ್ಕೆ ಅಂಟಿಸಿಬಿಟ್ಟಿತ್ತು. ಬೆಚ್ಚನೆಯ ನೀರು ಹಾಕಿ ಬಿಡಿಸಬೇಕಾಯಿತು. ರೆಪ್ಪೆಗಳ ಮೇಲೆ ಮಂಜಿನ ಹುಡಿ. ಉಸಿರಿತ್ತು. ಅಕ್ಕ ಅವನನ್ನು ಮಡಿಲಿಗೆಳೆದುಕೊಂಡು ತಮ್ಮ ಮೈಯಿಂದಲೇ ಕಾವು ಕೊಡುವವರ ಹಾಗೆ ತಬ್ಬಿ ಕೂತರು. ಆಂಬುಲೆನ್ಸ್ ಬಂದಾಗ ಬಿಡಿಸಲು ಇಬ್ಬರು ಬೇಕಾದರು.

ನಡೆದದ್ದು ಆಮೇಲೆ ಗುದ್ದಪ್ಪನ ಬಾಯಿಂದಲೇ ಪೊಲೀಸರಿಗೆ ತಿಳಿಯಿತು. ಹಿಂದಿನ ದಿನ ತಣ್ಣಗಿಡುವ ಯಂತ್ರ ನಿಂತು ಮಾಂಸ ಕರಗಿತ್ತು, ವಾಸನೆ ಬಂದಿತ್ತು. ಯಂತ್ರ ಸರಿಹೋದ ಮೇಲೆ ಮತ್ತೆ ಗಟ್ಟಿಯಾಯಿತು. ಗಟ್ಟಿಯಾದದ್ದು ಯಾರಿಗೆ ಗೊತ್ತಾಗುತ್ತದೆ, ಕಳಿಸು ಎಂದ ಇವನು. ತಿಂದವರು ಸಾಯುತ್ತಾರೆ, ಕಳಿಸುವುದಿಲ್ಲ ಎಂದ ಚಿಕ್ಕ. ದಾಖಲೆ ತೆರೆದು ತಡೆಗೆ ಕಾರಣ ಬರೆಯಲು ಕೂತ. ಇವನು ಹಿಂದಿನಿಂದ ಹೊಡೆದ. ಒಳಗೆ ಎಳೆದು ಹಾಕಿ, ಚಿಲಕ ಜಡಿದು, ಮೇಜಿಗೆ ಬಂದು ಪರದೆ ಮುಚ್ಚಿದ. ಚಿಕ್ಕ ತಾನೇ ಹೊರಟುಹೋದಂತೆ ಕಾಣಲಿ ಎಂದು. ಅಕ್ಕ ಎಲ್ಲರಿಗೂ ಕಲಿಸಿದ ಆ ಒಂದೇ ಪಾಠವನ್ನು ಅವನು ಎಂದೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇಂಟು ಒತ್ತಿದ. ದಾಖಲೆ ಚಿಕ್ಕನ ಸೆಷನ್ನಿನೊಳಗೆ ತೆರೆದೇ ಉಳಿಯಿತು, ಅವನ ಲಾರಿಗೆ ಅಡ್ಡ ಕೂತಿತು. ಮಾಡಿದ್ದುಣ್ಣೋ ಮಹರಾಯ.

ಆಸ್ಪತ್ರೆಯಲ್ಲಿ ಚಿಕ್ಕನಿಗೆ ಒಂದು ಸಲ ಎಚ್ಚರವಾಯಿತು. ನಾನೂ ಅಲ್ಲಿದ್ದೆ, ತುಟಿಗೆ ಹೊಲಿಗೆ ಹಾಕಿಸಿಕೊಂಡು. ಕಣ್ಣು ಬಿಟ್ಟವನು ನೋವು ಎನ್ನಲಿಲ್ಲ, ಹೊಡೆದವನ ಹೆಸರೂ ಎತ್ತಲಿಲ್ಲ.

"ಅತ್ತಿಗೆ, ನಾನು ಲಾಗಾಫ್ ಆಗ್ಲಿಲ್ಲ."

ತಪ್ಪು ಮಾಡಿದ ಮಗುವಿನ ದನಿ. ಅಕ್ಕ ಅವನ ಹಣೆ ಸವರಿ, "ಆಗದೆ ಇದ್ದದ್ದೇ ಒಳ್ಳೇದಾಯ್ತು ಕಣೋ. ಅದ್ರಿಂದ್ಲೇ ನೀನು ಸಿಕ್ಕಿದ್ದು" ಎಂದರು. ಅವನಿಗೆ ಅರ್ಥವಾಯಿತೋ ಇಲ್ಲವೋ. ಮಿದುಳಿನೊಳಗೆ ರಕ್ತ ಸುರಿಯುತ್ತಿದೆ, ನಿಲ್ಲುತ್ತಿಲ್ಲ ಎಂದರು ವೈದ್ಯರು. ಮರುದಿನ ಮಧ್ಯಾಹ್ನ ಅವನು ತೀರಿಕೊಂಡ. ಅಣ್ಣನ ಏಟನ್ನು ಕೈಯಲ್ಲಿ ತಡೆದವನಿಗೆ ಹಿಂದಿನಿಂದ ಬಂದದ್ದನ್ನು ತಡೆಯಲಾಗಲಿಲ್ಲ.

ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಕಂಪನಿಯವರು ಶೀತಲ ಕೋಣೆಗೆ ಕ್ಯಾಮೆರಾ ಹಾಕಿದರು, ತಾಳ್ಮೆಯ ಬಗ್ಗೆ ಭಾಷಣ ಏರ್ಪಡಿಸಿದರು. ಗುದ್ದಪ್ಪ ಜೈಲಿನಲ್ಲಿದ್ದಾನೆ, ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆಯಂತೆ. ಸಹೋದ್ಯೋಗಿಯ ಕೈಕಾಲು ಮುರಿದದ್ದಕ್ಕೆ ವಿವರಣೆ ಕೊಡಿ ಎಂದು ಅಕ್ಕನನ್ನೂ ಕರೆಸಿದರು. ಅಕ್ಕ ಹೋದರು. ಮೂರನೆಯ ಏಟು ಹೊಡೆಯಲಿಲ್ಲ, ಅದೊಂದೇ ನನ್ನ ವಿವರಣೆ ಎಂದು ಹೇಳಿ ಬಂದರು.

ಸೆಷನ್ ಮಾತ್ರ ಹಾಗೇ ಇತ್ತು. ಪೊಲೀಸರು ಬಂದು ಅದರ ಚಿತ್ರ ತೆಗೆದುಕೊಂಡರು, ನಾವು ಹೇಳುವವರೆಗೆ ಮುಟ್ಟಬೇಡಿ ಎಂದರು. ರೀಸ್ಟಾರ್ಟ್ ಮಾಡಿದರೆ ಒಳಗಿನ ಸೆಷನ್ನುಗಳೆಲ್ಲ ಹೋಗುತ್ತವೆ, ಹಾಗಾಗಿ ಆ ಸರ್ವರನ್ನು ನಾವು ರೀಸ್ಟಾರ್ಟ್ ಮಾಡಲಿಲ್ಲ. ದಿನವೂ ಸೆಷನ್ನುಗಳ ಪಟ್ಟಿ ತೆರೆದಾಗ ಚಿಕ್ಕನ ಹೆಸರು ಅಲ್ಲಿರುತ್ತಿತ್ತು, ಚಹಾಕ್ಕೆ ಎದ್ದು ಹೋದವನ ಹಾಗೆ. ಅಕ್ಕ ಅದನ್ನು ನೋಡಿಯೇ ಕೆಲಸ ಶುರುಮಾಡುತ್ತಿದ್ದರು.

ಕೊನೆಗೆ ಪೊಲೀಸರು ಸಾಕು ಎಂದರು. ಸರ್ವರಿಗೆ ಹಾಕಬೇಕಾದ ಅಪ್‌ಡೇಟುಗಳು ಬೆಟ್ಟದಷ್ಟಾಗಿದ್ದವು. ಒಂದು ಬೆಳಗ್ಗೆ, ಆ ಸೆಷನ್ ನಾನೇ ಮುಗಿಸಿಬಿಡಲಾ ಎಂದೆ. ಅಕ್ಕ ಬೇಡ ಎಂದು ತಲೆಯಾಡಿಸಿ ಮೇಜಿನ ಫೋನ್ ಎತ್ತಿದರು. ಸಂಖ್ಯೆ ಒತ್ತಿದರು. ನನಗೆ ತಡವಾಗಿ ಹೊಳೆಯಿತು. ಕೇಳದೆ ಕಡಿಯಬಾರದು.

ಅಕ್ಕನ ಕೈಚೀಲದೊಳಗೆ ಮೊಬೈಲ್ ಬಡಿದುಕೊಳ್ಳತೊಡಗಿತು. ಆಸ್ಪತ್ರೆಯವರು ಚಿಕ್ಕನ ಬಟ್ಟೆಯ ಜೊತೆ ಕಟ್ಟಿ ಕೊಟ್ಟಿದ್ದು. ಇಷ್ಟು ದಿನ ಅದಕ್ಕೆ ಚಾರ್ಜ್ ಹಾಕಿಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಬಡಿದುಕೊಂಡಿತು, ನಿಂತಿತು. ಎತ್ತದಿದ್ದರೆ ಕಾಯಬೇಕು. ಅಕ್ಕ ಕಾದರು. ಮತ್ತೆ ಮಾಡಿದರು. ಈ ಸಲ ಚೀಲದಿಂದ ಮೊಬೈಲ್ ತೆಗೆದು, ಒತ್ತಿ, ಇನ್ನೊಂದು ಕಿವಿಗೆ ಹಿಡಿದುಕೊಂಡರು. ಈಗ ಎರಡು ಕಿವಿಗೆ ಎರಡು ಫೋನ್.

"ಚಿಕ್ಕಾ, ನಿನ್ನ ಲಾಗಾಫ್ ಮಾಡ್ತೀನಿ ಕಣೋ" ಎಂದರು.

ಆಮೇಲೆ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು, ಅವನ ಹೆಸರನ್ನು ಆರಿಸಿ, ಗುಂಡಿ ಒತ್ತಿದರು. ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾಯಿತು. ಹೊರಗೆ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ನಾನು ಸರ್ವರ್ ರೀಸ್ಟಾರ್ಟ್ ಮಾಡಿದೆ.